ಅಳತೆ ಕೊಡೋಕೆ ಬಂದವಳಿಗೆ

ಕೈ ಚಾಚು ಶಶಿ. ಹಂಗಲ್ಲ ಮಗ, ಸಡಿಲ ಬಿಡು.
ತೋಳು ಮಣಿಕಟ್ಟಿನ ತನಕ, ಇಪ್ಪತ್ತೆರಡು.
ಸೆಖೆ ಅಂತೀಯ? ಸೆಖೆ ಹೊರಗೆ ಕಣವ್ವ,
ಒಳಗೆ ಏಸಿ ಕೊರೆದು ಕೊರೆದು ಮೂಳೆ ನೋಯ್ತದೆ.
ನಾನು ಕುವೈತಿನಲ್ಲಿ ಹೊದ್ದಷ್ಟು ಕಂಬಳಿ
ಈ ಗುತ್ತಲಿನಲ್ಲಿ ಯಾವ ಚಳಿಗೂ ಹೊದ್ದಿಲ್ಲ.

ಮೊದಲು ನಲ್ಲಿ ವಿಚಾರ. ಏಜೆಂಟು ಇದನ್ನ ಹೇಳಕ್ಕಿಲ್ಲ.
ಜೂನಿನಲ್ಲಿ ತಣ್ಣೀರ ನಲ್ಲಿ ತಿರುಗಿಸಿದ್ರೆ ಕುದಿನೀರು,
ಮಾಳಿಗೆ ಮೇಲಿನ ಟ್ಯಾಂಕು ಬೆಂದೋಗಿರ್ತದೆ.
ಗೀಸರ್ ಆರಿಸಿ ಬಿಸಿನೀರ ನಲ್ಲಿ ಬಿಡು,
ಅದರಲ್ಲಿ ತಣ್ಣಗೆ ಬತ್ತದೆ.
ಆ ದೇಶವೇ ಹಂಗೆ ಅಂತ ಮಾತ್ರ ಅಂದ್ಕೋಬೇಡ.
ನಲ್ಲಿ ಹಂಗೆ, ಅಷ್ಟೇ.

ನೀರು ಸಮುದ್ರದ್ದು. ಉಪ್ಪು ತೆಗೆದು ಕಳಿಸ್ತಾರೆ.
ರಸ್ತೆ ಬದಿಯ ಒಂದೊಂದು ಗಿಡದ ಬುಡಕ್ಕೂ ಸಣ್ಣ ಪೈಪು,
ಆಸ್ಪತ್ರೇಲಿ ಡ್ರಿಪ್ ಹಾಕಿದಂಗೆ.
ವಿ.ಸಿ. ನಾಲೆ ದಂಡೇಲಿ ಬಟ್ಟೆ ಒಗೆದು ಬೆಳೆದವಳು,
ನೋಡ್ತಾ ನಿಂತುಬಿಟ್ಟೆ. ಡ್ರೈವರ್ ಹಾರನ್ ಹೊಡೆದ.

ತಿರುಗು. ಬೆನ್ನು ಹದಿನಾಲ್ಕೂವರೆ.

ಮನೇಲಿ ಯಾವ ಸಾಮಾನಿಗೂ ಚೆನ್ನಾಗದೆ ಅನ್ನಬೇಡ.
ಅಂದ್ರೆ ತೆಗೆದು ನಿನ್ನ ಕೈಗೇ ಕೊಟ್ಟುಬಿಡ್ತಾರೆ,
ಆಮೇಲೆ ಅದು ನಿನ್ನ ಪೆಟ್ಟಿಗೇಲಿ ಯಾಕದೆ ಅಂತ
ಇನ್ನೊಬ್ಬಳು ಬಂದು ಕೇಳ್ತಾಳೆ.
ಮಗು ಎತ್ಕೊಂಡಾಗ ಮಾಷಾ ಅಲ್ಲಾ ಅನ್ನು,
ನಾವು ದೃಷ್ಟಿ ಬೊಟ್ಟು ಇಡಲ್ವ, ಹಂಗೆ.
ರಂಜಾನಿನಲ್ಲಿ ಹಗಲು ಅವರೆದುರು ನೀರೂ ಕುಡೀಬೇಡ,
ಅಡುಗೆಮನೆ ಬಾಗಿಲ ಹಿಂದೆ ಕುಡಿ.
ಸಂಜೆ ಮೊದಲ ಖರ್ಜೂರ ನಿನ್ನ ಕೈಗೆ ಬತ್ತದೆ,
ಕೆಲವು ಮನೇಲಿ. ಎಲ್ಲಾ ಮನೇಲಿ ಅಲ್ಲ.

ಈಗ ಕಾಫಿ.
ಹಾಲಿಲ್ಲ, ಸಕ್ಕರೆ ಇಲ್ಲ, ಬರೀ ಏಲಕ್ಕಿ.
ಶುಗರ್ ಫ್ಯಾಕ್ಟರಿ ಸೈರನ್ನಿಗೆ ಎದ್ದು ಬೆಳೆದವಳು,
ಯಾರಿಗೋ ಜ್ವರ, ಕಷಾಯ ಅಂದ್ಕೊಂಡೆ.
ಹೂಜಿ ಎಡಗೈಲಿ, ಬಟ್ಟಲು ಬಲಗೈಲಿ,
ಹಿಡಿ ಇಲ್ಲದ ಬಟ್ಟಲು, ಕುಂಕುಮದ ಬಟ್ಟಲಿಗಿಂತ ಚೂರು ದೊಡ್ಡದು.
ತಳ ಮುಚ್ಚೋವಷ್ಟೇ ಹುಯ್ಯಿ.
ತುಂಬ ಹುಯ್ದರೆ ಕುಡಿದು ಎದ್ದೋಗು ಅಂತ ಅರ್ಥ.
ಕಮ್ಮಿ ಹುಯ್ದರೆ ಜಿಪುಣಿ ಅನ್ನೋ ಊರಿಂದ ಹೋದ ಕೈ,
ನಾಕು ದಿನ ನನ್ನ ಮಾತೇ ಕೇಳಲಿಲ್ಲ.
ಸಾಕು ಅಂತ ಯಾರೂ ಬಾಯಲ್ಲಿ ಹೇಳಲ್ಲ.
ಬಟ್ಟಲು ಹಿಂಗೆ ಅಲ್ಲಾಡಿಸ್ತಾರೆ, ನೋಡು, ಹಿಂಗೆ.
ಅಲ್ಲಿ ತನಕ ಹುಯ್ತಾನೇ ಇರಬೇಕು.

ಇಷ್ಟು ಯಾರಾದ್ರೂ ಹೇಳಿಯಾರು. ಮುಂದಿನದು ಕೇಳು.
ಆ ಮನೆಯ ಅಜ್ಜಿ, ಉಮ್ ನಾಸರ್.
ಬಟ್ಟಲು ಹಿಡಿದಳು ಅಂದ್ರೆ ಅದು ಅಲ್ಲಾಡ್ತಿತ್ತು.
ಒಂದು ಗುಟುಕಿಗೇ ನಾನು ಹೂಜಿ ಎತ್ಕೊಂಡು ಮುಂದಿನವರಿಗೆ.
ಕಲಿತ ಪಾಠ ಅಲ್ವ.
ಹನ್ನೊಂದು ದಿನ. ಅವಳು ಕೇಳಲಿಲ್ಲ.
ತನ್ನ ಮನೇಲಿ ತಾನೇ ಕೇಳೋದುಂಟಾ?
ಹನ್ನೆರಡನೇ ದಿನ ಬಾಗಿಲ ಸಂದೀಲಿ ಕಂಡೆ,
ಎದ್ದುಹೋದ ಹೆಂಗಸರ ಬಟ್ಟಲು ಒಂದೊಂದೇ
ತನ್ನದಕ್ಕೆ ಬಗ್ಗಿಸಿಕೊಳ್ತಿದ್ದಳು, ಅರ್ಧ ಜಮಖಾನದ ಮೇಲೆ ಚೆಲ್ಲಿ.

ಅದು ಸಾಕು ಅಲ್ಲ ಕಣವ್ವ. ನಡುಕ.

ಆವತ್ತಿಂದ ಮುಂದೆ ಕುಂತು, ಅವಳ ಕೈ ಕೆಳಗೆ
ನನ್ನ ಕೈ ಕೊಟ್ಟು ಹುಯ್ದೆ. ಮೂರು, ನಾಕು ಬಟ್ಟಲು.
ಬೇಡ ಆದಾಗ ಕಣ್ಣು ಮುಚ್ತಿದ್ದಳು.
ಏನೋ ಅಂದಳು ಒಂದ್ಸಲ, ಅರಬ್ಬಿ ನನಗಿನ್ನೂ ಬತ್ತಿರಲಿಲ್ಲ.
ಭಾಷೆ ಬಂದ ಹೊತ್ತಿಗೆ ಅವಳಿರಲಿಲ್ಲ.

ಇಗೋ, ಸೊಂಟದ ಒಳಗೆ ಒಂದು ಜೇಬು ಇಡ್ತೀನಿ.
ನೀನು ಕೇಳಲಿಲ್ಲ, ಇರಲಿ, ಕೂಲಿ ಇಲ್ಲ.
ಪಾಸ್‌ಪೋರ್ಟ್ ಅವರೇ ಇಟ್ಕೋತಾರೆ,
ಇಟ್ಕೋಬಾರದು ಅಂತಾರೆ, ಇಟ್ಕೋತಾರೆ.
ಜೆರಾಕ್ಸು ಇದರಲ್ಲಿ. ಎಂಬಸಿ ನಂಬರು ಚೀಟೀಲಿ ಬರೆದು ಇದರಲ್ಲಿ.
ಫೋನು ನಂಬಬೇಡ.
ಹೆದರಿಸ್ತಿಲ್ಲ ಮಗ. ಒಂಬತ್ತು ವರ್ಷ ಇದ್ದು ಬಂದೆ,
ಈ ಮಿಷನ್ನು ಆ ದಿನಾರಿನದೇ.
ಜೇಬು ಬೇಕಾಗಿದ್ದು ಒಂದೇ ಸಲ.

ಗುರುವಾರ ಬಾ, ಕಾಜಾ ಮುಗಿಸಿರ್ತೀನಿ.
ತಕೋ, ಕಾಫಿ ಕುಡಿ.
ತುಂಬ ಹುಯ್ದಿದೀನಿ, ಎದ್ದೋಗು ಅಂತಲ್ಲ.
ಮಂಡ್ಯದ ಲೋಟ ಅದು.